ತಿಮಿಂಗಿಲದ ಅಂಗೈ

ವಾಟರ್ ಪೋಲೋ ಆಟ ಶುರುವಾಗುವ ಮೊದಲು ರೆಫರಿಗಳು ಮಕ್ಕಳ ಉಗುರು ನೋಡುತ್ತಾರೆ. ಕೊಳದ ಅಂಚಿನಲ್ಲಿ ಸಾಲಾಗಿ ನಿಲ್ಲಿಸಿ, ಎರಡೂ ಕೈಗಳನ್ನು ಮುಂದಕ್ಕೆ ಚಾಚಿಸಿ, ಒಂದೊಂದು ಬೆರಳ ತುದಿಯನ್ನೂ ತಮ್ಮ ಹೆಬ್ಬೆರಳಿನಿಂದ ಸವರುತ್ತಾರೆ. ಒಂಚೂರು ಚುಚ್ಚಿದರೂ ಆ ಮಗುವನ್ನು ವಾಪಸು ಕಳಿಸುತ್ತಾರೆ. ನೀರಿನಲ್ಲಿ ಒಬ್ಬರಿಗೊಬ್ಬರು ಅಂಟಿಕೊಂಡೇ ಆಡುವ ಆಟ ಇದು. ಒಂದು ಚೂಪು ಉಗುರು ಸಾಕು, ಎದುರಾಳಿಯ ಬೆನ್ನು ಗೀರಿಹೋಗುತ್ತದೆ.

ನಮ್ಮ ಕ್ಲಬ್ಬಿನ ಹುಡುಗಿಯರ ತಂಡಕ್ಕೆ ಉಗುರು ಕತ್ತರಿಸುವವಳು ನಾನು. ಮಗಳು ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಪಾಳಿಯ ಮೇಲೆ ಕೆಲಸ ಮಾಡುತ್ತಾಳೆ, ಅಳಿಯನಿಗೆ ಸರಕು ಲಾರಿಗಳ ಹಿಂದೆ ಓಡುವುದೇ ಆಯಿತು. ಹಾಗಾಗಿ ಮೊಮ್ಮಗಳನ್ನು ತರಬೇತಿಗೆ ಕರೆದುಕೊಂಡು ಹೋಗುವುದು, ಒದ್ದೆ ಕೂದಲು ಒರೆಸಿ ಕರೆದುಕೊಂಡು ಬರುವುದು ನನ್ನ ಪಾಲಿಗೆ ಬಂತು. ಬೆಂಚಿನ ಮೇಲೆ ಕೈಕಟ್ಟಿಕೊಂಡು ಕೂರುವುದು ನನಗಾಗದು. ಒಂದು ನೇಲ್ ಕಟರ್, ಒಂದು ಸಣ್ಣ ಅರ ಇಟ್ಟುಕೊಂಡು ಕೂತೆ. ಮೊದಲು ಮೊಮ್ಮಗಳು, ಆಮೇಲೆ ಅವಳ ಗೆಳತಿ, ಆಮೇಲೆ ತಂಡಕ್ಕೆ ತಂಡವೇ ಕೈ ಚಾಚಿತು. ಸಸ್ಯಶಾಸ್ತ್ರದಲ್ಲಿ ಪದವಿ ಪಡೆದು, ಬೀಜ ಪರೀಕ್ಷೆಯ ಕಚೇರಿಯಲ್ಲಿ ಭೂತಗನ್ನಡಿ ಹಿಡಿದು ಹಿಡಿದೇ ನಿವೃತ್ತಳಾದ ನನಗೆ ಈ ವಯಸ್ಸಿನಲ್ಲಿ ಸಿಕ್ಕ ಬಿರುದು ‘ಉಗುರಜ್ಜಿ’. ಬೇಸರವೇನಿಲ್ಲ. ಕೈ ಒಪ್ಪಿಸಿ ಕೂತ ಮಕ್ಕಳು ಹೇಳುವಷ್ಟು ಮಾತನ್ನು ಎದುರು ನಿಂತ ಮಕ್ಕಳು ಹೇಳುವುದಿಲ್ಲ.

ನನಗೆ ಈಜು ಬಾರದು. ಅದಕ್ಕೇ ಇರಬೇಕು, ಈ ಆಟ ಎಷ್ಟು ಸಲ ನೋಡಿದರೂ ನನ್ನ ಬೆರಗು ಕಡಿಮೆಯಾಗಿಲ್ಲ. ಒಂದೊಂದು ತಂಡದಲ್ಲಿ ಏಳು ಮಂದಿ. ಕಾಲು ನೆಲಕ್ಕೆ ಊರುವಂತಿಲ್ಲ, ಅಂಚು ಹಿಡಿಯುವಂತಿಲ್ಲ, ಚೆಂಡನ್ನು ಒಂದೇ ಕೈಯಲ್ಲಿ ಆಡಬೇಕು. ಎರಡು ಕೈಯ ಭಾಗ್ಯ ಗೋಲ್ ಕಾಯುವವಳಿಗೆ ಮಾತ್ರ. ಆಟದ ಉದ್ದಕ್ಕೂ ಎರಡು ಕಾಲುಗಳೂ ಮೊಸರು ಕಡೆದ ಹಾಗೆ ನೀರನ್ನು ಕಡೆಯುತ್ತಲೇ ಇರಬೇಕು. ನಮ್ಮ ಕೋಚ್ ಬಾಯಲ್ಲಿ ಸದಾ ಅದೇ ಮಂತ್ರ, ಕಡೀರಿ, ಕಡೀರಿ. ಬೆಣ್ಣೆ ಬಂದ ಮೇಲೆ ನಿಲ್ಲಿಸುತ್ತೇವೆ ಸರ್ ಎಂದು ಹುಡುಗಿಯರು ಕಿಚಾಯಿಸುತ್ತಿದ್ದರು.

ಅಲ್ಲಿ ಯಾರನ್ನೂ ಹೆಸರು ಹಿಡಿದು ಕರೆಯುವ ರೂಢಿಯಿಲ್ಲ. ಎಲ್ಲರಿಗಿಂತ ವೇಗವಾಗಿ ಈಜುವವಳು ‘ಬಾಣ’. ಗೋಲ್ ಕಾಯುವವಳು ‘ಬೀಗ’, ಆದರೆ ಸೋತ ದಿನ ಅವಳೇ ‘ಜರಡಿ’. ನನ್ನ ಮೊಮ್ಮಗಳು ‘ಜಿಗಣೆ’. ಎದುರಾಳಿ ತಂಡದ ಅತಿ ಬಲಶಾಲಿ ಹುಡುಗಿ ನಮ್ಮ ಗೋಲಿನ ಮುಂದೆ ಬಂದು ನಿಂತರೆ, ಅವಳ ಬೆನ್ನಿಗೆ ಅಂಟಿಕೊಂಡು ಚೆಂಡು ಸಿಗದಂತೆ ಮಾಡುವುದು ಇವಳ ಕೆಲಸ. ಮನೆಯಲ್ಲಿ ಸೊಳ್ಳೆ ಹೊಡೆಯಲೂ ಹಿಂದೆಮುಂದೆ ನೋಡುವ ಮಗು ನೀರಿಗಿಳಿದರೆ ಬಿಡಿಸಿಕೊಳ್ಳಲಾಗದ ಹಾಗೆ ಹಿಡಿಯುತ್ತಿದ್ದಳು. ಮೂಳೆ ಚಿಕ್ಕದು, ಹಟ ದೊಡ್ಡದು.

ಆ ವರ್ಷದ ಪಂದ್ಯಾವಳಿ ಬೇರೆ ಊರಿನಲ್ಲಿ. ನಮ್ಮ ಕೊಳದ ಒಂದು ತುದಿ ಎದೆಮಟ್ಟದ್ದು; ಕೋಚ್ ಅತ್ತ ತಿರುಗಿದಾಗ ಸುಸ್ತಾದವರು ಕಳ್ಳತನದಿಂದ ಹೆಬ್ಬೆರಳು ಊರಿ ಉಸಿರು ತೆಗೆದುಕೊಳ್ಳುವುದಿತ್ತು. ಆ ಊರಿನ ಕೊಳಕ್ಕೆ ಅಂಥ ತುದಿಯೇ ಇರಲಿಲ್ಲ. ಈ ಕೊನೆಯಿಂದ ಆ ಕೊನೆಯವರೆಗೂ ಎರಡಾಳಿಗಿಂತ ಹೆಚ್ಚು ಆಳ. ನೀರಿನ ನೀಲಿ ನಡುವಿಗೆ ಹೋದಂತೆ ಕಪ್ಪಿಗೆ ತಿರುಗುತ್ತಿತ್ತು. ನಮ್ಮ ಮಕ್ಕಳು ಅಂಚಿನಲ್ಲಿ ನಿಂತು ಬಗ್ಗಿ ಬಗ್ಗಿ ನೋಡಿದರು. ಕೊನೆಗೆ ಬಾಣ, ಇಲ್ಲಿ ಹೆಬ್ಬೆರಳು ಊರಬೇಕೆಂದರೆ ಪಾತಾಳಕ್ಕೆ ಬಸ್ಸು ಹಿಡಿಯಬೇಕು ಎಂದಳು. ಎಲ್ಲರೂ ಅಗತ್ಯಕ್ಕಿಂತ ಜೋರಾಗಿ ನಕ್ಕರು.

ಎದುರಾಳಿ ತಂಡಗಳಲ್ಲಿ ಎಲ್ಲರೂ ಹೆದರುತ್ತಿದ್ದುದು ಒಬ್ಬಳಿಗೆ. ನಮ್ಮವರು ಅವಳಿಗಿಟ್ಟ ಹೆಸರು ‘ತಿಮಿಂಗಿಲ’. ಅಗಲ ಭುಜ, ನೀರಿನಿಂದ ಎದ್ದಾಗ ಎದುರಿನವರ ಮೇಲೆ ನೆರಳು ಬೀಳುವಂಥ ಮೈಕಟ್ಟು. ಮಾತು ಕಡಿಮೆ. ಒರಟಾಗಿ ಆಡುತ್ತಾಳೆಂಬ ಹೆಸರೂ ಇತ್ತು. ರೆಫರಿಗಳ ಕಣ್ಣು ಅವಳ ಮೇಲೆ ಒಂದಿಷ್ಟು ಹೆಚ್ಚೇ ಇರುತ್ತಿತ್ತು.

ಅವಳನ್ನು ನಾನು ಮೊದಲು ಹತ್ತಿರದಿಂದ ನೋಡಿದ್ದು ಎರಡನೆಯ ದಿನ ಬೆಳಿಗ್ಗೆ. ಉಗುರು ನೋಡುವ ಸಾಲಿನಿಂದ ರೆಫರಿ ಅವಳನ್ನು ಹೊರಗೆ ಕಳಿಸಿದ್ದರು. ಉಂಗುರದ ಬೆರಳಿನ ಉಗುರು ಅಡ್ಡಕ್ಕೆ ಸೀಳಿತ್ತು. ಅವರ ತಂಡದಲ್ಲಿ ಯಾರ ಬಳಿಯೂ ಕಟರ್ ಇರಲಿಲ್ಲವೋ, ಕೇಳಲು ಅವಳಿಗೇ ಸಂಕೋಚವೋ, ಗೋಡೆ ಕಡೆ ತಿರುಗಿ ಹಲ್ಲಿನಿಂದ ಕಚ್ಚುತ್ತಿದ್ದಳು. ನಾನು ಕರೆದು ಪಕ್ಕದಲ್ಲಿ ಕೂರಿಸಿಕೊಂಡೆ. ನಮ್ಮ ಹುಡುಗಿಯರು ದೂರದಿಂದ ಕಣ್ಣರಳಿಸಿ ನೋಡುತ್ತಿದ್ದರು, ಅಜ್ಜಿ ಶತ್ರುವಿನ ಕೈ ಹಿಡಿದಿದ್ದಾರೆ ಎನ್ನುವ ಹಾಗೆ.

ದೊಡ್ಡ ಕೈ ಅದು. ಬೆರಳ ಬುಡದಲ್ಲಿ ಚೆಂಡು ಹಿಡಿದು ಹಿಡಿದು ಗಟ್ಟಿಯಾದ ಚರ್ಮ, ಹೆಬ್ಬೆರಳ ಕೆಳಗೆ ಅರ್ಧಚಂದ್ರದಂಥ ಹಳೆಯ ಗಾಯದ ಗುರುತು. ಅರದಲ್ಲಿ ಉಜ್ಜುತ್ತ ಇದು ಎಷ್ಟನೆಯ ಪಂದ್ಯಾವಳಿ ಎಂದು ಕೇಳಿದೆ. ಈ ವಯಸ್ಸಿನ ಗುಂಪಿನಲ್ಲಿ ಇದೇ ಕೊನೆಯ ವರ್ಷ, ಅವರ ತಂಡ ಫೈನಲ್‌ಗೆ ಬಂದದ್ದು ಇದೇ ಮೊದಲು, ಮುಂದಿನ ವರ್ಷ ಅವರೂರಿನಲ್ಲಿ ದೊಡ್ಡವರ ತಂಡವೇ ಇಲ್ಲ ಎಂದು ಬಿಡಿಬಿಡಿಯಾಗಿ ಹೇಳಿದಳು. ನಾಳೆಯ ಫೈನಲ್ ಅವಳಿಗೆ ಮೊದಲನೆಯದೂ ಹೌದು, ಕಡೆಯದೂ ಹೌದು. ಎದ್ದು ಹೋಗುವಾಗ ಬೆರಳನ್ನು ತನ್ನ ಕೆನ್ನೆಗೆ ಒತ್ತಿ, ಚುಚ್ಚುವುದಿಲ್ಲವೆಂದು ಖಾತ್ರಿ ಮಾಡಿಕೊಂಡಳು. ಬೇರೆಯವರಿಗೆ ತಾಗುವುದನ್ನು ಮೊದಲು ತನ್ನ ಕೆನ್ನೆಯ ಮೇಲೆ ಪರೀಕ್ಷಿಸುವವರನ್ನು ನಾನು ಹೆಚ್ಚು ಕಂಡಿಲ್ಲ.

ಅಂದು ಮಧ್ಯಾಹ್ನ ಅವರಿಗೂ ನಮಗೂ ಪಂದ್ಯ. ಎರಡೂ ತಂಡಗಳು ಆಗಲೇ ಫೈನಲ್ ಸೇರಿಯಾಗಿತ್ತು. ಈ ಪಂದ್ಯ ಬರೀ ಲೆಕ್ಕಕ್ಕೆ. ಆದರೂ ಆಟ ಶುರುವಾದದ್ದೇ ತಡ ಸೀಟಿಯ ಮೇಲೆ ಸೀಟಿ. ತಪ್ಪು ಮಾಡಿದವರು ಸ್ವಲ್ಪ ಹೊತ್ತು ಆಟ ಬಿಟ್ಟು ಕೊಳದ ಮೂಲೆಯಲ್ಲಿರಬೇಕು; ತಿಮಿಂಗಿಲ ಬಲುಬೇಗ ಎರಡು ಸಲ ಆ ಮೂಲೆಗೆ ಹೋಗಿ ಬಂದಳು. ಗ್ಯಾಲರಿಯಲ್ಲಿ ಸೆಖೆ, ಕ್ಲೋರಿನ್ ವಾಸನೆ, ಕಿರುಚಾಟ. ನನಗೆ ತಲೆ ಸುತ್ತಿದಂತಾಗಿ ಕೈಕಂಬಿ ಹಿಡಿದು ಕೆಳಗಿಳಿದೆ. ಮೆಟ್ಟಿಲ ಬುಡದಲ್ಲಿ ಪಂಪ್ ಕೋಣೆಯವನು ಸಿಕ್ಕಿದ. ನನ್ನ ಮುಖ ನೋಡಿ ಏನೂ ಕೇಳದೆ ನೆಲಮಾಳಿಗೆಗೆ ಕರೆದುಕೊಂಡು ಹೋಗಿ, ತನ್ನ ಕುರ್ಚಿಯನ್ನು ಒರೆಸಿ ಕೊಟ್ಟು, ಟೀ ತರುತ್ತೇನೆಂದು ಹೋದ.

ಕುರ್ಚಿಯ ಎದುರು ಗೋಡೆಯಲ್ಲಿ ದಪ್ಪ ಗಾಜಿನ ಕಿಟಕಿ. ಅದರಾಚೆ ಕೊಳದ ನೀರು.

ಮೇಲಿನಿಂದ ನಾನು ಇಷ್ಟು ವರ್ಷ ಕಂಡದ್ದು ತಲೆಗಳು, ತೋಳುಗಳು, ಹಳದಿ ಚೆಂಡು. ಇಲ್ಲಿ ತಲೆಗಳೇ ಇರಲಿಲ್ಲ. ಬೆಳ್ಳಿ ಹಾಳೆಯಂಥ ಚಾವಣಿಯಿಂದ ಹದಿನಾಲ್ಕು ದೇಹಗಳು ನೇತುಬಿದ್ದಿದ್ದವು. ಇಪ್ಪತ್ತೆಂಟು ಕಾಲುಗಳು ಬಿಡುವಿಲ್ಲದೆ ಸುತ್ತುತ್ತಿದ್ದವು. ಒಂದು ಮೊಣಕಾಲು ಒಳಕ್ಕೆ, ಒಂದು ಹೊರಕ್ಕೆ, ಮತ್ತೆ ಒಳಕ್ಕೆ. ಸದ್ದಿಲ್ಲ. ಮೇಲೆ ಅಷ್ಟೆಲ್ಲ ಕಿರುಚಾಟ, ಇಲ್ಲಿ ದೇವರ ಮನೆಯ ಮೌನ. ಆ ಕಾಲುಗಳ ಕೆಳಗೆ ನೀಲಿ, ಅದರ ಕೆಳಗೆ ಇನ್ನೂ ನೀಲಿ, ಹಿಡಿಯಲು ಏನೆಂದರೆ ಏನೂ ಇಲ್ಲ. ನಮ್ಮ ಮಕ್ಕಳು ನಿಂತಿದ್ದದ್ದು ತಮ್ಮದೇ ಕಾಲುಗಳು ಕ್ಷಣಕ್ಷಣಕ್ಕೂ ಮಾಡಿಕೊಳ್ಳುತ್ತಿದ್ದ ನೆಲದ ಮೇಲೆ. ನಾನು ತಲೆಸುತ್ತು ಮರೆತೆ. ಕನ್ನಡಕವನ್ನು ಸೆರಗಿನಲ್ಲಿ ಒರೆಸಿ, ಮೂಗು ಗಾಜಿಗೆ ತಾಗುವಷ್ಟು ಹತ್ತಿರ ಹೋದೆ.

ಕಿಟಕಿಗೆ ಎದುರಾಗಿಯೇ ನಮ್ಮ ಗೋಲು. ಮೊಮ್ಮಗಳ ಕಾಲಿಗೆ ಕಟ್ಟಿದ್ದ ಹಸಿರು ದಾರ ಗುರುತು ಸಿಕ್ಕಿತು. ಅವಳ ಮುಂದೆ ತಿಮಿಂಗಿಲ. ಮೇಲೆ ಚೆಂಡು ನಮ್ಮವರ ಕೈಗೆ ಬಂದಿರಬೇಕು, ಎಲ್ಲ ದೇಹಗಳೂ ಒಮ್ಮೆಲೇ ಅಡ್ಡಬಿದ್ದು ಆಚೆ ಕಡೆಗೆ ಈಜತೊಡಗಿದವು. ಬಾಣ ಮೈ ಮಡಚಿ, ಹಿಂದಕ್ಕೆ ಬಲವಾಗಿ ಒದ್ದು ಮುಂದೆ ಹಾರಿದಳು. ಅವಳ ಹಿಮ್ಮಡಿ ಸೀದಾ ನನ್ನ ಮೊಮ್ಮಗಳ ಎದೆಗೂಡಿನ ಕೆಳಗೆ ಬಿತ್ತು.

ಗುಳ್ಳೆಗಳ ದೊಡ್ಡ ಗೊಂಚಲೊಂದು ಮೇಲೇರಿತು. ಮೊಮ್ಮಗಳ ಕಾಲುಗಳು ನಿಂತವು. ಅವು ನಿಂತದ್ದನ್ನು ನೋಡಿದಾಗಲೇ ನನಗೆ ಅರ್ಥವಾದದ್ದು, ಅವು ನಿಲ್ಲುವುದೆಂದರೆ ಏನೆಂದು. ಅವಳು ನಿಂತ ಭಂಗಿಯಲ್ಲೇ ಕೆಳಕ್ಕೆ ಬರತೊಡಗಿದಳು. ಬಾಯಿ ತೆರೆದಿತ್ತು. ನಾನು ಗಾಜನ್ನು ಎರಡೂ ಕೈಗಳಿಂದ ಬಡಿದೆ. ಅಷ್ಟು ದಪ್ಪ ಗಾಜಿಗೆ ಅದು ನೊಣ ಕೂತ ಹಾಗೂ ಆಗಿರಲಿಕ್ಕಿಲ್ಲ.

ಎಲ್ಲರೂ ಚೆಂಡಿನ ಹಿಂದೆ ಹೋಗಿದ್ದರು. ತಿಮಿಂಗಿಲವೂ ನಾಲ್ಕು ಕೈ ಮುಂದೆ ಹೋದವಳು, ಏಕೆ ತಿರುಗಿದಳೋ. ಬೆನ್ನಿಗೆ ಅಂಟಿದ್ದ ಭಾರ ಇಲ್ಲವಾದದ್ದು ಅವಳ ಮೈಗೆ ತಿಳಿದಿರಬೇಕು. ತಿರುಗಿ, ತಲೆಕೆಳಗಾಗಿ ಮುಳುಗಿ ಬಂದು ಒಂದು ತೋಳನ್ನು ಮೊಮ್ಮಗಳ ಕೊರಳ ಮುಂದಿನಿಂದ ಹಾಯಿಸಿದಳು. ಅಂಗೈ ಬಿಚ್ಚಿ ಅವಳ ದವಡೆಯ ಕೆಳಗಿಟ್ಟು ಮುಖವನ್ನು ಮೇಲಕ್ಕೆತ್ತಿದಳು. ಹೆಬ್ಬೆರಳ ಕೆಳಗಿನ ಅರ್ಧಚಂದ್ರ ಗಾಜಿನ ಕಡೆಗೇ ಇತ್ತು. ಇನ್ನೊಂದು ಕೈ ಬೆನ್ನ ಹಿಂದೆ. ಆಮೇಲೆ ಆ ಕಾಲುಗಳು. ಎರಡು ದೇಹಗಳ ಭಾರಕ್ಕೆ ಎರಡೇ ಕಾಲುಗಳು ಆ ಆಳವನ್ನು ಕಡೆದ ರೀತಿಯನ್ನು ನಾನು ಹೇಗೆ ಹೇಳಲಿ? ನೀರು ತಿರುಚಿ ಹಗ್ಗವಾದಂತೆ ಕಂಡಿತು. ಆ ಹಗ್ಗ ಹಿಡಿದು ಹತ್ತಿದ ಹಾಗೆ ಇಬ್ಬರೂ ಮೇಲೇರಿ ಬೆಳ್ಳಿಯ ಚಾವಣಿಯಾಚೆ ಹೋದರು.

ಪಂಪ್‌ನವನು ಟೀ ಲೋಟ ಹಿಡಿದು ಬಂದಾಗ ನಾನು ಆಗಲೇ ಬಾಗಿಲ ಕಡೆ ಹೊರಟಿದ್ದೆ. ಲೋಟವನ್ನು ಅಲ್ಲೇ ನೆಲಕ್ಕಿಟ್ಟು, ನನ್ನ ಮೊಣಕೈ ಹಿಡಿದು, ನನ್ನದೇ ನಿಧಾನಕ್ಕೆ ತಕ್ಕಂತೆ ಮೆಟ್ಟಿಲು ಹತ್ತಿಸಿದ.

ನಾನು ಮೇಲೆ ಬರುವಷ್ಟರಲ್ಲಿ ತೀರ್ಪು ಆಗಿಹೋಗಿತ್ತು. ಮೊಮ್ಮಗಳು ಟವೆಲ್ ಸುತ್ತಿಕೊಂಡು ಬೆಂಚಿನ ಮೇಲೆ ಕೆಮ್ಮುತ್ತಿದ್ದಳು. ಡಾಕ್ಟರು ನೋಡಿ ಅಪಾಯವೇನಿಲ್ಲ ಎಂದಿದ್ದರು. ರೆಫರಿ ತಿರುಗಿ ನೋಡಿದಾಗ ಕಂಡದ್ದು ಚೆಂಡಿನಿಂದ ದೂರದಲ್ಲಿ ನೀರಿನಿಂದೇಳುತ್ತಿದ್ದ ಇಬ್ಬರು, ಒಬ್ಬಳ ಕೊರಳ ಸುತ್ತ ಇನ್ನೊಬ್ಬಳ ತೋಳು. ಬೇಕೆಂದೇ ಮುಳುಗಿಸಿದ್ದಾಳೆ, ಇದು ಆಟವಲ್ಲ ಹಿಂಸೆ ಎಂದು ತಿಮಿಂಗಿಲವನ್ನು ಹೊರಗೆ ಕಳಿಸಿದ್ದರು. ಈ ಪಂದ್ಯಕ್ಕಷ್ಟೇ ಅಲ್ಲ, ಮುಂದಿನ ಪಂದ್ಯಕ್ಕೂ. ಮುಂದಿನ ಪಂದ್ಯವೆಂದರೆ ಫೈನಲ್. ಅವಳು ಮುಳುಗ್ತಿದ್ದಳು ಎಂದು ತಿಮಿಂಗಿಲ ಒಮ್ಮೆ ಹೇಳಿದಳಂತೆ. ಹೌದು, ಯಾರು ಮುಳುಗಿಸಿದ್ದು ಎಂದು ಅವಳ ಕೋಚೇ ಗದರಿದರಂತೆ. ಆಮೇಲೆ ಅವಳು ಟೋಪಿ ಬಿಚ್ಚಿ, ಮಡಚಿ, ಬೆಂಚಿನ ಮೇಲಿಟ್ಟು ಒಳಗೆ ಹೋದಳು.

ನಮ್ಮ ಕಡೆಯವರ ಮುಖ ಹೊಳೆಯುತ್ತಿತ್ತು. ಮಗು ಪೆಟ್ಟಾಗದೆ ಉಳಿಯಿತೆಂಬ ನೆಮ್ಮದಿ ನಿಜ. ಅದರ ಹಿಂದೆಯೇ, ತಿಮಿಂಗಿಲವಿಲ್ಲದ ಫೈನಲ್ ನಮ್ಮದೇ ಎಂಬ ಲೆಕ್ಕ. ಕನ್ನಡಕದ ಅಂಗಡಿ ನಡೆಸುವ ಬೀಗದ ತಂದೆ, ಕಪ್ಪನ್ನು ಕ್ಲಬ್ಬಿನಲ್ಲಿ ಎಲ್ಲಿಡಬೇಕೆಂಬ ಮಾತಿಗೆ ಆಗಲೇ ಇಳಿದಿದ್ದರು.

ನಾನು ಕೋಚನ್ನು ಪಕ್ಕಕ್ಕೆ ಕರೆದು ಕಂಡದ್ದನ್ನು ಕಂಡಂತೆ ಹೇಳಿದೆ. ಅವರು ತಲೆ ಕೆರೆದುಕೊಂಡರು. ಒಳ್ಳೆಯ ಮನುಷ್ಯ, ಒದ್ದೆ ಮಕ್ಕಳಿಗೆ ತನ್ನ ಜಾಕೆಟ್ ಹೊದಿಸಿ ತಾನು ಚಳಿಯಲ್ಲಿ ನಿಲ್ಲುವವನು. ಆದರೆ ಎಷ್ಟೋ ವರ್ಷ ಕಾದ ಕಪ್ಪು ಕೈಗೆಟುಕಿದಂತಿತ್ತು.

"ಉಗುರಜ್ಜೀ, ನಿಮ್ಮ ಕನ್ನಡಕ ಯಾವ ಕಾಲದ್ದು?"

"ನಿನ್ನ ಉಗುರು ಬೆಳೆದಿರೋದು ಕಾಣೋಷ್ಟು ಹೊಸದು" ಎಂದೆ.

ಅವರು ತಮ್ಮ ಕೈ ನೋಡಿಕೊಂಡು, ಉಸಿರು ಬಿಟ್ಟು, ನನ್ನನ್ನು ಆ ತೀರ್ಪು ಕೊಟ್ಟ ಮುಖ್ಯ ರೆಫರಿಯ ಬಳಿಗೆ ಕರೆದೊಯ್ದರು. ಆಕೆ ನನಗೆ ಕುರ್ಚಿ ಎಳೆದು ಕೊಟ್ಟು, ಮಧ್ಯೆ ಬಾಯಿ ಹಾಕದೆ ಕೇಳಿದರು. ನೋಡುಗರ ಮಾತನ್ನು, ಅದರಲ್ಲೂ ಮನೆಯವರ ಮಾತನ್ನು, ಲೆಕ್ಕಕ್ಕೆ ತೆಗೆದುಕೊಳ್ಳುವಂತಿಲ್ಲ ಎಂದರು. ಕೊರಳು ಹಿಡಿಸಿಕೊಂಡ ಹುಡುಗಿ ತಾನೇ ಬಂದು, ಫೈನಲ್ ಶುರುವಾಗುವ ಮೊದಲು ಹೇಳಿದರೆ ತೀರ್ಪನ್ನು ಮತ್ತೆ ನೋಡಬಹುದು. ಅಷ್ಟೇ ದಾರಿ.

ನಮಗೆ ತಂಗಲು ಕೊಟ್ಟದ್ದು ಒಂದು ಶಾಲೆಯ ತರಗತಿ. ಬೆಂಚುಗಳನ್ನು ಗೋಡೆಗೊತ್ತಿ ಹಾಸಿಗೆ ಹಾಸಿದ್ದರು. ಕರಿಹಲಗೆಯ ಮೇಲೆ ಯಾರದೋ ಭಾಗಾಕಾರ ಅರ್ಧಕ್ಕೇ ನಿಂತಿತ್ತು. ಸಂಜೆ ಬೇರೆ ಮಕ್ಕಳು ಬ್ರೆಡ್ಡು, ಬಾಳೆಹಣ್ಣು ತಿನ್ನುತ್ತ ಗಲಾಟೆ ಮಾಡುತ್ತಿದ್ದರೆ ಮೊಮ್ಮಗಳು ಗೋಡೆ ಕಡೆ ಮುಖ ಮಾಡಿ ಮಲಗಿದ್ದಳು. ಬೀಗ ತನ್ನ ಪಾಲಿನ ದಿಂಬನ್ನು ತಂದು ಸದ್ದಿಲ್ಲದೆ ಅವಳ ಬೆನ್ನಿಗೆ ಆನಿಸಿ ಹೋದಳು.

"ನಾಳೆ ನಾನು ನೀರಿಗೆ ಇಳಿಯಲ್ಲ ಅಜ್ಜಿ" ಎಂದಳು ಮೊಮ್ಮಗಳು. "ನಾಳೆ ಅಂತಲ್ಲ. ಇನ್ನು ಮೇಲೇ ಇಳಿಯಲ್ಲ."

ಹೊಟ್ಟೆಗೆ ಏನೋ ಗುದ್ದಿತು, ಉಸಿರು ಹೋಯಿತು, ಆಮೇಲೆ ಕೊರಳಿಗೆ ತೋಳು ಬಿತ್ತು. ಅವಳಿಗೆ ನೆನಪಿದ್ದದ್ದು ಇಷ್ಟೇ. ಗುದ್ದಿದವಳೂ ತೋಳು ಹಾಕಿದವಳೂ ಒಬ್ಬಳೇ ಎಂದು ಮನಸ್ಸು ತಾನಾಗಿ ಸೇರಿಸಿಕೊಂಡಿತ್ತು. ನಾನು ಗಾಜಿನಲ್ಲಿ ಕಂಡದ್ದನ್ನು ಹೇಳಿದೆ, ಒದ್ದವರು ಯಾರೆಂಬುದನ್ನು ಬಿಟ್ಟು. ಪಕ್ಕದ ಹಾಸಿಗೆಯಲ್ಲೇ ಬಾಣ ಇದ್ದಳು. ಆ ಮಗುವಿನ ಮುಂದೆ ಅದನ್ನು ಆಡಲು ನಾಲಿಗೆ ಏಳಲಿಲ್ಲ. ಮೊಮ್ಮಗಳು ಎಲ್ಲವನ್ನೂ ಕೇಳಿ ಮೆಲ್ಲಗೆ ಹೇಳಿದಳು: "ನೀವು ಗಾಜಿನ ಆಚೆ ಇದ್ರಿ ಅಜ್ಜಿ. ಒಳಗಿದ್ದಿದ್ದು ನಾನು."

ನಾನು ಅವಳ ಕೂದಲಲ್ಲಿ ಕೈಯಾಡಿಸುತ್ತ ಕೂತೆ.

ಸ್ವಲ್ಪ ಹೊತ್ತಿನ ಮೇಲೆ ಬಾಣ ಎದ್ದು ಕೂತಳು. ಕೈಯಲ್ಲಿದ್ದ ಬಾಳೆಹಣ್ಣಿನ ಸಿಪ್ಪೆಯನ್ನು ಹೊರಳಿಸುತ್ತ, ಯಾರ ಮುಖವನ್ನೂ ನೋಡದೆ ಹೇಳಿದಳು: "ಹೊಟ್ಟೆಗೆ ಬಿದ್ದಿದ್ದು ನನ್ನ ಕಾಲು ಇರಬೇಕು ಕಣೆ. ಹೊರಡುವಾಗ ಏನೋ ಮೆತ್ತಗೆ ತಾಗ್ತು. ತಿಮಿಂಗಿಲ ಅಂದ್ಕೊಂಡು ಇನ್ನೂ ಜೋರಾಗಿ ಒದ್ದೆ."

ತರಗತಿಯ ಗಲಾಟೆ ನಿಂತಿತು. ಮೊಮ್ಮಗಳು ನಿಧಾನವಾಗಿ ಇತ್ತ ತಿರುಗಿದಳು. ಬಯ್ಯುತ್ತಾಳೆಂದು ನಾನು ಕಾದೆ. "ತಿಮಿಂಗಿಲ ಎಲ್ಲಿ ಮೆತ್ತಗಿದೆಯೇ, ದಡ್ಡಿ" ಎಂದಳು. ಬಾಣ ಅಳುತ್ತಲೇ ನಕ್ಕಳು. ಆಮೇಲೆ ತನ್ನ ಹಾಸಿಗೆಯನ್ನು ಎಳೆದು ಇವಳ ಹಾಸಿಗೆಗೆ ಸೇರಿಸಿದಳು.

ಗುದ್ದಿನ ಕತೆ ಮುಗಿಯಿತು. ತೋಳಿನ ಕತೆ ಉಳಿಯಿತು. ಅದು ಎತ್ತಿದ ತೋಳೋ, ಒತ್ತಿದ ತೋಳೋ? ತನಗೆ ಗೊತ್ತಿಲ್ಲದ್ದನ್ನು ಗೊತ್ತೆಂದು ಹೇಳುವುದು ಹೇಗೆ ಎಂದು ಮೊಮ್ಮಗಳು ಕೇಳಿದಳು. ಹೇಳಬೇಡ ಎಂದೆ. ಅವಳು ದೀಪ ಆರುವವರೆಗೂ ಯೋಚಿಸುತ್ತಿದ್ದಳು.

ಬೆಳಿಗ್ಗೆ ತಂಡಗಳು ಮೈ ಬಿಸಿ ಮಾಡಿಕೊಳ್ಳುವ ಹೊತ್ತಿಗೆ ಅವಳು ಈಜುಡುಗೆ ತೊಟ್ಟು, ನಮ್ಮ ಬೆಂಚನ್ನು ದಾಟಿ, ಎದುರು ತಂಡದ ಬೆಂಚಿನ ಕಡೆಗೆ ನಡೆದಳು. ತಿಮಿಂಗಿಲ ತನ್ನ ತಂಡದವರ ಟವೆಲ್‌ಗಳನ್ನು ಮಡಚಿಡುತ್ತಿದ್ದಳು. ಆಡುವಂತಿಲ್ಲದವಳು ಇಷ್ಟಾದರೂ ಮಾಡೋಣವೆಂದು ಇರಬೇಕು. ನಾನೂ ಕೋಚೂ ಹಿಂದೆಯೇ ಹೋದೆವು.

"ನಿನ್ನೆ ಹಿಡಿದ ಹಾಗೇ ಇನ್ನೊಂದು ಸಲ ಹಿಡಿ" ಎಂದಳು ಮೊಮ್ಮಗಳು.

ತಿಮಿಂಗಿಲ ಟವೆಲ್ ಕೆಳಗಿಟ್ಟಳು. "ತಲೆ ಕೆಟ್ಟಿದೆಯಾ ನಿಂಗೆ?"

"ಕಣ್ಣು ಮುಚ್ಚಿತ್ತು ನಿನ್ನೆ. ಏನೂ ನೋಡ್ಲಿಲ್ಲ. ಕೊರಳಿಗೆ ಮಾತ್ರ ಗೊತ್ತು."

ಆ ತಂಡದ ಕೋಚ್ ಖಂಡಿತ ಬೇಡವೆಂದರು. ಏನಾದರೂ ಹೆಚ್ಚುಕಡಿಮೆಯಾದರೆ ಹುಡುಗಿಯ ಹೆಸರು ಪೂರ್ತಿ ಕೆಡುತ್ತದೆ. ನಮ್ಮ ಕೋಚ್, ಬಟ್ಟೆಯಲ್ಲೇ ಧುಮುಕಲು ತಾನು ಇಲ್ಲೇ ನಿಂತಿರುತ್ತೇನೆ ಎಂದರು. ಮಾತು ಬೆಳೆದು ಮುಖ್ಯ ರೆಫರಿ ಬಂದರು. ವಿಷಯ ತಿಳಿದು, ಆಗಲಿ ಎನ್ನಲಿಲ್ಲ, ಬೇಡವೆನ್ನಲಿಲ್ಲ. ನಿನ್ನೆ ತಾವು ನಿಂತಿದ್ದ ಜಾಗಕ್ಕೇ ಹೋಗಿ ಕೈಕಟ್ಟಿ ನಿಂತರು.

ಇಬ್ಬರೂ ನೀರಿಗಿಳಿದು ಗೋಲಿನ ಮುಂದಕ್ಕೆ, ನೀಲಿ ಕಪ್ಪಾಗುವ ಕಡೆಗೆ ಹೋದರು. ಬೇರೆ ಮಕ್ಕಳು ಯಾರೂ ಹೇಳದೆಯೇ ಅಂಚಿಗೆ ಸರಿದರು. ಚೆಂಡುಗಳು ತಾವಾಗಿ ತೇಲುತ್ತ ಮೂಲೆ ಸೇರಿದವು. ಮೊಮ್ಮಗಳು ಒಮ್ಮೆ ನನ್ನ ಕಡೆ ನೋಡಿದಳು. ಆಮೇಲೆ ಎದೆಯೊಳಗಿನ ಉಸಿರನ್ನೆಲ್ಲ ಹೊರಗೆ ಬಿಟ್ಟು, ಕಣ್ಣು ಮುಚ್ಚಿ, ಎರಡೂ ಕೈ ಮೇಲಕ್ಕೆತ್ತಿದಳು. ಕಾಲಾಡಿಸುವುದನ್ನು ನಿಲ್ಲಿಸಿದಳೆಂದು ನನಗೆ ತಿಳಿಯಿತು. ಮೊದಲು ಗಲ್ಲ ಮರೆಯಾಯಿತು, ಆಮೇಲೆ ಹಣೆ, ಕೊನೆಗೆ ಬೆರಳುಗಳು.

ಮುಳುಗುವ ಹೆದರಿಕೆಯಿಂದ ಇನ್ನೆಂದೂ ಇಳಿಯುವುದಿಲ್ಲವೆಂದ ಮಗು, ತನ್ನನ್ನು ಮುಳುಗಿಸಿದವಳೆಂದು ತಾನೇ ನಂಬಿದವಳ ಮುಂದೆ, ತಾನಾಗಿ ಮುಳುಗಿತು. ನನ್ನ ಮಗಳ ಮಗಳು. ಊಟಕ್ಕೆ ಕೂತರೆ ಅನ್ನದಲ್ಲಿ ಕೂದಲು ಸಿಕ್ಕಿತೆಂದು ರಂಪ ಮಾಡುವವಳು. ಈ ಧೈರ್ಯ ನಮ್ಮ ಮನೆಯಲ್ಲಿ ಯಾವ ಮೂಲೆಯಲ್ಲಿ ಬೆಳೆದಿತ್ತೋ ನಾನರಿಯೆ.

ತಿಮಿಂಗಿಲ ತಡಮಾಡಲಿಲ್ಲ. ತಲೆ ಕೆಳಗೆ ಮಾಡಿ ಹೋದಳು. ನೀರು ಮುಚ್ಚಿಕೊಂಡಿತು. ಕೋಚ್ ಬೂಟು ಕಳಚಿದ್ದು ಕೇಳಿಸಿತು. ನಾನು ಎಷ್ಟು ಹೊತ್ತು ಉಸಿರು ಹಿಡಿದಿದ್ದೆನೋ, ನೀರು ಉಬ್ಬಿತು, ಒಡೆಯಿತು, ಇಬ್ಬರೂ ಮೇಲೆ ಬಂದರು. ಕಂಡದ್ದು ಏನೆಂದರೆ, ಒಬ್ಬಳ ಕೊರಳ ಸುತ್ತ ಇನ್ನೊಬ್ಬಳ ತೋಳು. ಹೆದರಿಕೆ ಹುಟ್ಟಿಸುವ ಹಾಗೆಯೇ ಇತ್ತು. ಅಂಚಿನಲ್ಲಿದ್ದ ತಾಯಂದಿರಲ್ಲೊಬ್ಬರು ಚೀರಿದರು. ರೆಫರಿಯ ಕೈ ಅವರಿಗೇ ತಿಳಿಯದೆ ಸೀಟಿಗೆ ಹೋಗಿತ್ತು.

ಆದರೆ ಮೊಮ್ಮಗಳು ಕೊಸರಾಡಲಿಲ್ಲ. ಅವಳ ಮುಖ ಆಕಾಶಕ್ಕಿತ್ತು. ಕಣ್ಣು ಇನ್ನೂ ಮುಚ್ಚಿಯೇ ಇತ್ತು. ದೊಡ್ಡದಾಗಿ ಉಸಿರೆಳೆದುಕೊಂಡಳು. ಮತ್ತೊಂದು. ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಹಾಗೆಯೇ, ಕಾಲಾಡಿಸದೆ, ತನ್ನ ಇಡೀ ಭಾರವನ್ನು ಆ ಅಂಗೈಯ ಮೇಲೆ ಬಿಟ್ಟು ಮಲಗಿದ್ದಳು. ತಿಮಿಂಗಿಲದ ಮುಖ ಅರ್ಧ ನೀರಿನಲ್ಲಿತ್ತು. ಇವಳ ಮೂಗು ಮೇಲಿರಲೆಂದು ಅವಳದು ಕೆಳಗೆ. ಅವಳು ಬಾಯಿಗೆ ಬಂದ ನೀರನ್ನು ಉಗುಳುತ್ತ ಸುಮ್ಮನೆ ಕಡೆಯುತ್ತಿದ್ದಳು. ಅಷ್ಟು ಜನರಿದ್ದ ಜಾಗದಲ್ಲಿ ನೀರಿನ ಸದ್ದೊಂದೇ ಕೇಳುತ್ತಿತ್ತು. ಕೈ ಮುಗಿಯಬೇಕೆನಿಸಿತು ನನಗೆ. ಯಾರಿಗೆಂದು ತಿಳಿಯದೆ ಸೆರಗನ್ನು ಹಿಡಿದು ನಿಂತೆ.

ಮೊಮ್ಮಗಳು ಕಣ್ಣು ತೆರೆದು ರೆಫರಿಯನ್ನು ಹುಡುಕಿದಳು.

"ಇದೇ ಕೈ ಮೇಡಂ. ನಿನ್ನೆಯೂ ಹೀಗೇ ಇತ್ತು. ಮೇಲಕ್ಕೇ ಎಳೀತಿತ್ತು."

ರೆಫರಿ ಸೀಟಿಯನ್ನು ಕೈಬಿಟ್ಟರು. ಅಂಚಿಗೆ ಬಂದು ಮೊಣಕಾಲೂರಿ, ಬಿಳಿ ಪ್ಯಾಂಟು ಒದ್ದೆಯಾಗುವುದನ್ನೂ ಲೆಕ್ಕಿಸದೆ, ತಿಮಿಂಗಿಲದ ಮುಖಕ್ಕೆ ಸಮವಾಗಿ ಬಗ್ಗಿದರು. "ನಾನು ತೋಳು ನೋಡ್ದೆ. ಅದು ಯಾವ ಕಡೆಗೆ ಎಳೀತಿದೆ ಅಂತ ನೋಡ್ಲಿಲ್ಲ. ಹೋಗಿ ಟೋಪಿ ಹಾಕ್ಕೋ." ಅಷ್ಟು ಜನರೆದುರು, ಒಬ್ಬ ಹುಡುಗಿಗೆ, ಅಷ್ಟು ಸರಳವಾಗಿ.

ತಿಮಿಂಗಿಲ ಮುಖವನ್ನು ಒಮ್ಮೆ ನೀರಿನಲ್ಲಿ ಅದ್ದಿ ತೆಗೆದಳು. ಈಜುಗಾರರಿಗೆ ಆ ಒಂದು ಸೌಕರ್ಯವಿದೆ, ಅತ್ತರೂ ತಿಳಿಯುವುದಿಲ್ಲ. ಅವಳ ಕೋಚ್ ನಿನ್ನೆ ಬೆಂಚಿನ ಮೇಲುಳಿದ ಟೋಪಿಯನ್ನು ತಾವೇ ತಂದು, ತಾವೇ ಬಗ್ಗಿ ಅವಳ ಗಲ್ಲದ ಕೆಳಗೆ ದಾರ ಕಟ್ಟಿದರು. ಕಟ್ಟುವುದಕ್ಕೆ ತುಂಬ ಹೊತ್ತು ತೆಗೆದುಕೊಂಡರು.

ನಮ್ಮ ಬೆಂಚಿನಲ್ಲಿ ಕನ್ನಡಕದ ಅಂಗಡಿಯವರು, ಕೈಗೆ ಬಂದ ಕಪ್ಪನ್ನು ತೊಳೆದು ವಾಪಸು ಕೊಟ್ಟ ಹಾಗಾಯಿತು ಎಂದು ಗೊಣಗಿದರು. ಗೊಣಗುತ್ತಲೇ ಎದ್ದು, ನಿಂತೇ ಇದ್ದ ತಿಮಿಂಗಿಲದ ತಾಯಿಗೆ ತಮ್ಮ ಜಾಗ ಬಿಟ್ಟುಕೊಟ್ಟರು.

ಫೈನಲ್ ನಡೆಯಿತು. ಇಬ್ಬರೂ ಇನ್ನು ಮುಂದೆ ಒಬ್ಬರನ್ನೊಬ್ಬರು ಮೆತ್ತಗೆ ಮುಟ್ಟುತ್ತಾರೆಂದು ನಾನು ಅಂದುಕೊಂಡಿದ್ದರೆ ಅದು ನನ್ನ ಮುದಿತನದ ಭ್ರಮೆ. ಮೊದಲ ಸೀಟಿಗೇ ಜಿಗಣೆ ಅವಳ ಬೆನ್ನು ಹಿಡಿದಳು. ತಿಮಿಂಗಿಲ ಅವಳನ್ನು ಒದ್ದೆ ಬಟ್ಟೆಯಂತೆ ಕೊಡವಿದಳು. ಮತ್ತೆ ಹಿಡಿದಳು, ಮತ್ತೆ ಕೊಡವಿದಳು. ಹಿಡಿದದ್ದು ಅತಿಯಾಯಿತೆಂದು ರೆಫರಿ ನನ್ನ ಮೊಮ್ಮಗಳನ್ನು ಮೂಲೆಗೆ ಕಳಿಸಿದರು. ಮೂಲೆಯಲ್ಲಿ ತೇಲುತ್ತ ಅವಳು ಹಲ್ಲು ಬಿಟ್ಟು ನಗುತ್ತಿದ್ದಳು. ನಮಗೊಂದು ಗೋಲು, ಅವರಿಗೊಂದು, ನಮಗೆ, ಅವರಿಗೆ. ಬಾಣ ದೂರದಿಂದ ಎಸೆದ ಒಂದು ಚೆಂಡು ನೀರಿಗೆ ಬಡಿದು ಪುಟಿದು ಒಳಗೆ ಹೋದಾಗ ನಾನೂ ಎದ್ದು ನಿಂತು ಕೂಗಿದೆನಂತೆ, ನನಗೆ ನೆನಪಿಲ್ಲ.

ಆಟ ಮುಗಿಯಲು ಇನ್ನೇನು ಗಡಿಯಾರದಲ್ಲಿ ಉಳಿದದ್ದು ಚಿಟಿಕೆಯಷ್ಟು. ಎರಡೂ ಕಡೆ ಸಮ. ನಮ್ಮ ಗೋಲಿನ ಮುಂದೆ ಚೆಂಡು ತಿಮಿಂಗಿಲದ ಕೈಗೆ ಬಂತು. ಜಿಗಣೆ ಹಿಂದಿನಿಂದ ಎರಡೂ ತೋಳುಗಳಿಂದ ಅವಳ ಸೊಂಟ ತಬ್ಬಿ, ತನ್ನ ಭಾರವನ್ನೆಲ್ಲ ಕೆಳಕ್ಕೆ ಹಾಕಿದಳು. ಯಾರಾದರೂ ಮುಳುಗಲೇಬೇಕು. ತಿಮಿಂಗಿಲ ಒಂದು ಕ್ಷಣ ಗಲ್ಲದವರೆಗೂ ಕುಸಿದಳು. ಆಮೇಲೆ ಎದ್ದಳು.

ಭುಜ ಬಂತು, ಎದೆ ಬಂತು, ಸೊಂಟ ಬಂತು. ಸೊಂಟದ ಜೊತೆ ಅದಕ್ಕೆ ಅಂಟಿದ ನನ್ನ ಮೊಮ್ಮಗಳೂ ಬಂದಳು. ಹಿಡಿತ ಸಡಿಲಿಸಿರಲಿಲ್ಲ, ಕೆನ್ನೆ ಅವಳ ಬೆನ್ನಿಗೊತ್ತಿತ್ತು, ಹಲ್ಲು ಕಚ್ಚಿತ್ತು. ಎರಡು ಮಕ್ಕಳು ಒಂದೇ ಮೈಯಾಗಿ, ನೆಲವಿಲ್ಲದ ನೀರಿನಿಂದ, ಬರೀ ಕಾಲಿನ ಬಲದಲ್ಲಿ, ಗಾಳಿಗೆ ಏರಿದರು. ಅಲ್ಲಿ ಒಂದು ಗಳಿಗೆ ನಿಂತರು. ನಿಂತರೆಂದೇ ನಾನು ಹೇಳುತ್ತೇನೆ. ತಿಮಿಂಗಿಲದ ತೋಳು ಹಿಂದಕ್ಕೆ ಹೋಯಿತು, ಚೆಂಡು ಬೀಗದ ಎರಡೂ ಕೈಗಳ ನಡುವಿನಿಂದ ಬಲೆಗೆ ಬಿತ್ತು, ಗ್ಯಾಲರಿಯಲ್ಲಿ ಯಾರ ಕಡೆಯವರು ಯಾರೆಂಬುದೇ ತಿಳಿಯದಂಥ ಒಂದು ಉದ್ಗಾರ ಎದ್ದಿತು. ನೀರು ಇಬ್ಬರನ್ನೂ ಒಟ್ಟಿಗೆ ಒಳಕ್ಕೆ ತೆಗೆದುಕೊಂಡಿತು.